ಕೆಂಪು ತಂತಿ ಮೈನಸ್ಸಿಗೆ

ಶಿರಾದ ಮಧುಗಿರಿ ರಸ್ತೆಯಲ್ಲಿರುವ ಕುಮಾರಸ್ವಾಮಿಯ ಮೋಟಾರು ವೈಂಡಿಂಗ್ ಅಂಗಡಿಗೆ ಜನ ಮೊದಲು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಈಚೆಗೆ ಅವನಿಗೆ ನಮಸ್ಕಾರ ಹೇಳಿ, ಅವನ ಹೆಗಲ ಮೇಲಿಂದ ಒಳಕ್ಕೆ ಇಣುಕುತ್ತಿದ್ದರು.

“ಅಕ್ಕ ಇಲ್ವಾ?”

ಹಾಗೆ ಕೇಳಿದವರಲ್ಲಿ ಮದಲೂರಿನ ಹಿಟ್ಟಿನ ಗಿರಣಿಯ ಓಬಳಯ್ಯನೂ ಒಬ್ಬ. ಸುಟ್ಟ ಮೋಟಾರನ್ನು ಆಟೋದಿಂದ ಇಳಿಸಿ, ಬೆವರು ಒರೆಸಿಕೊಂಡು, ಅವನು ಕುಮಾರಸ್ವಾಮಿಯ ಮುಖ ನೋಡಿಯೇ ಹೇಳಿದ: “ಅಕ್ಕನ ಕೈಲಿ ಸುತ್ತಿಸ್ಕೊಡಣ್ಣ. ನೀನ್ ಸುತ್ತಿದ್ರೂ ಓಡ್ತದೆ, ಇಲ್ಲ ಅನ್ನಾಕಿಲ್ಲ. ಅಕ್ಕ ಸುತ್ತಿದ್ದು ತಣ್ಣಗೆ ಓಡ್ತದೆ. ಅಷ್ಟೇಯ ವ್ಯತ್ಯಾಸ.”

ಸುಟ್ಟ ಮೋಟಾರಿಗೆ ಮತ್ತೆ ತಾಮ್ರದ ತಂತಿ ಸುತ್ತುವ ಈ ವೈಂಡಿಂಗ್ ಕಸುಬಿನಲ್ಲಿ ಅದನ್ನು ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲ. ತಂತಿಯಲ್ಲಿ ವಿದ್ಯುತ್ ಹರಿದರೆ ತಂತಿ ಬಿಸಿಯಾಗುತ್ತದೆ; ಅದನ್ನು ತಪ್ಪಿಸುವುದು ಯಾರಿಂದಲೂ ಆಗದು. ಹರಿಯುವುದು ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ತಂತಿ ಉದ್ದವಾದಷ್ಟೂ ಬಿಸಿ ಹೆಚ್ಚುತ್ತದೆ. ಸುತ್ತುವವರ ಕೈಯಲ್ಲಿರುವುದು ಇಷ್ಟೇ: ಸುರುಳಿಯ ತುದಿಗಳನ್ನು ಸಾಧ್ಯವಾದಷ್ಟು ಗಿಡ್ಡವಾಗಿ ಬಾಗಿಸುವುದು, ಒಂದು ಎಳೆಯ ಮೇಲೆ ಇನ್ನೊಂದು ಅಡ್ಡ ಹಾಯದಂತೆ ಕೂರಿಸುವುದು. ಕುಮಾರಸ್ವಾಮಿಯ ಸುರುಳಿಗಳು ಸರಿಯಾಗಿಯೇ ಇರುತ್ತಿದ್ದವು. ಅವನ ಹೆಂಡತಿ ಪುಷ್ಪಾವತಿಯ ಸುರುಳಿಗಳು ಹಣೆಗೆ ಎಳೆದ ವಿಭೂತಿಯ ಗೆರೆಗಳಂತೆ ಒಂದರ ಪಕ್ಕ ಒಂದು ಮಲಗಿರುತ್ತಿದ್ದವು.

ಕಲಿಸಿದವನು ಅವನೇ. ಒಂದು ಕಡಲೆಕಾಯಿ ಸುಗ್ಗಿಯಲ್ಲಿ ಕೆಲಸದವನು ಹೇಳದೆ ಕೇಳದೆ ಮಧುಗಿರಿಯ ಬೇರೊಂದು ಅಂಗಡಿಗೆ ಸೇರಿಕೊಂಡಾಗ, ಕುಮಾರಸ್ವಾಮಿ ಹೆಂಡತಿಯನ್ನು ಕರೆದು ಕೂರಿಸಿ, ಮರದ ಅಚ್ಚಿಗೆ ತಂತಿ ಸುತ್ತುವುದನ್ನು ತೋರಿಸಿಕೊಟ್ಟಿದ್ದ. ಮಾರನೆಯ ವರ್ಷಕ್ಕೆ ಅವಳು ಅವನ ಸಮಕ್ಕೆ ಬಂದಳು. ಅವನು ಸಂತೋಷಪಟ್ಟ. ಅದರ ಮಾರನೆಯ ವರ್ಷ ಅವಳು ಅವನನ್ನು ದಾಟಿದಳು. ಅದು ಎಲ್ಲರಿಗಿಂತ ಮೊದಲು ತಿಳಿದದ್ದೂ ಅವನಿಗೇ. ಯಾರ ಬಳಿಯೂ ಅವನು ಅದನ್ನು ಆಡಲಿಲ್ಲ.

ಒಮ್ಮೆ ಅವನು ಒಂದು ಉಪಾಯ ಮಾಡಿದ್ದ. ತಾನು ಸುತ್ತಿದ ಮೋಟಾರನ್ನು “ನಮ್ಮಾಕೆ ಸುತ್ತಿದ್ದು” ಎಂದು ಹೇಳಿ ಓಬಳಯ್ಯನಿಗೆ ಕೊಟ್ಟು ಕಳುಹಿಸಿದ. ತಿಂಗಳು ಕಳೆದು ಓಬಳಯ್ಯ ಬಂದು, ಅವನನ್ನು ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿದ: “ಅಕ್ಕನ್ನ ಬಯ್ಬ್ಯಾಡಣ್ಣ. ಈ ಸಲ ಯಾಕೋ ಅವ್ರ ಕೈ ಒಸಿ ತಪ್ಪೈತೆ. ಮೈ ಹುಷಾರಿರ್ನಿಲ್ವೇನೋ.”

ಕುಮಾರಸ್ವಾಮಿ ತಲೆಯಾಡಿಸಿ, ಒಳಗೆ ಹೋಗಿ, ಒಂದು ಲೋಟ ನೀರು ಕುಡಿದ. ಆ ನಂತರ ಅಂಥ ಉಪಾಯಕ್ಕೆ ಅವನು ಕೈಹಾಕಲಿಲ್ಲ.

ಪಾವಗಡದ ನಾಗಲಿಂಗಯ್ಯ ಬಂದದ್ದು ಸುಗ್ಗಿಗೆ ಸ್ವಲ್ಪ ಮುಂಚೆ. ಅವನು ಕಡಲೆಕಾಯಿ ಸುಲಿಯುವ ಯಂತ್ರಗಳನ್ನು ನಿಡುಗಲ್ ಕಡೆಯ ಹಳ್ಳಿಗಳಿಗೆಲ್ಲ ಬಾಡಿಗೆಗೆ ಕಳುಹಿಸುವ ಭಾರಿ ಕುಳ. ಸುಗ್ಗಿಯಲ್ಲಿ ಆ ಯಂತ್ರಗಳ ಮೋಟಾರುಗಳು ಸಾಲಾಗಿ ಸುಡುತ್ತಿದ್ದವು.

“ಏಮ್ ಸ್ವಾಮಿ, ಬಾಗುನ್ನಾರಾ?” ಎಂದು ತೆಲುಗಿನಲ್ಲೇ ಕ್ಷೇಮ ಕೇಳುತ್ತ ಅವನು ಬೆಂಚಿನ ಮೇಲೆ ಕೂತ. “ನಂಗೆ ಇನ್ಮೇಲೆ ಒಂದೇ ಕೈ ಬೇಕು. ಎಲ್ಲಾ ಮೋಟ್ರೂ ಅದೇ ಕೈಲಿ ಸುತ್ತಿಸ್ಬೇಕು. ಮೋಟ್ರಿನ ಮೇಲೆ ತಗಡು ಹೊಡೆಸ್ತೀನಿ, ಸುತ್ತಿದವರ ಹೆಸರು ಕೊರೆಸಿ. ಸುಟ್ಟೋದ್ರೆ ಯಾರನ್ನ ಬಯ್ಬೇಕು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲಪ್ಪಾ.”

“ಅಂಗಡಿ ಹೆಸರು ಹಾಕ್ಸಿ.”

“ಅಂಗಡಿ ಬಂದು ಸುತ್ತುತ್ತದಾ? ಸುತ್ತೋದು ಮನುಷ್ಯ. ನಿಮ್ಮಿಬ್ಬರಲ್ಲಿ ಎವರು?”

“ನಾನೇ,” ಎಂದ ಕುಮಾರಸ್ವಾಮಿ.

ಒಳಗೆ ಸುರುಳಿಗೆ ದಾರ ಕಟ್ಟುತ್ತಿದ್ದ ಪುಷ್ಪಾವತಿ ತಲೆ ಎತ್ತಲಿಲ್ಲ. ನಾಗಲಿಂಗಯ್ಯ ಇಬ್ಬರನ್ನೂ ನೋಡಿ ನಕ್ಕ.

“ನಿಡುಗಲ್ಲಿನೋರು ಬೇರೆ ಮಾತು ಹೇಳ್ತಾರೆ. ನಂಗ್ಯಾಕೆ ಗಂಡ ಹೆಂಡ್ತಿ ತಗಾದೆ? ಒಂದೇ ತರದ ಎರಡು ಮೋಟ್ರು ಬುಟ್ಟೋಗ್ತೀನಿ. ಒಬ್ಬೊಬ್ಬರು ಒಂದೊಂದು ಸುತ್ರಿ. ಸೋಮವಾರ ಬಂದು ಎರಡನ್ನೂ ಮೆಷಿನ್ನಿಗೆ ಹಾಕಿ, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕಡಲೆಕಾಯಿ ಸುಲಿಸ್ತೀನಿ. ಯಾವುದು ತಣ್ಣಗಿರ್ತದೋ ಆ ಹೆಸರು.”

“ನನ್ನ ಹೆಸ್ರು ಯಾಕ್ ಬುಡಿ,” ಎಂದಳು ಪುಷ್ಪಾವತಿ ಒಳಗಿನಿಂದಲೇ. “ಅವರ್ದೇ ಹಾಕ್ಸಿ.”

ಅವಳು ಅದನ್ನು ಮನಸಾರೆ ಹೇಳಿದಳು. ಕುಮಾರಸ್ವಾಮಿಗೆ ತಾಳಲಾಗದೆ ಹೋದದ್ದು ಅದೇ. ತಮ್ಮ ಕೈಯಲ್ಲಿರುವುದನ್ನು ಮಾತ್ರ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬಲ್ಲರು. ಅವನ ಹೆಸರು ಅವಳ ಕೈಯಲ್ಲಿದೆ ಎಂಬುದನ್ನು ಅವಳು ಪಾವಗಡದವನ ಎದುರು ಹೇಳಿದಂತಾಯಿತು.

“ಬ್ಯಾಡ,” ಎಂದ. “ಸುತ್ಲಿ ಅವಳೂವೆ. ನೋಡೇಬುಡಾಣ.”

ಸುತ್ತುವ ಕೆಲಸ ಮುಗಿದ ಮೇಲೆ ಮೋಟಾರನ್ನು ವಾರ್ನಿಷಿನಲ್ಲಿ ಅದ್ದಿ, ಬಿಸಿಯಲ್ಲಿ ಒಣಗಿಸಬೇಕು. ಆಗ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಬಿಸಿ ಕಡಮೆಯಾದರೆ ವಾರ್ನಿಷು ಹಸಿಯಾಗಿ ಉಳಿಯುತ್ತದೆ. ಹೆಚ್ಚಾದರೆ ಸೀದು ಉದುರುತ್ತದೆ. ಅದಕ್ಕಾಗಿ ಅಂಗಡಿಯಲ್ಲಿ ಒಂದು ಹಳೆಯ ಕಬ್ಬಿಣದ ಬೀರು ಇತ್ತು. ಅದರ ಹಲಗೆಗಳನ್ನು ತೆಗೆದು, ತಳದಲ್ಲಿ ಹೀಟರಿನ ಸುರುಳಿಗಳನ್ನು ಕೂರಿಸಿ, ಬಾಗಿಲಿಗೆ ಒಂದು ಗಾಜಿನ ಕಿಂಡಿ ಇಟ್ಟಿದ್ದರು. ಒಂದು ಸಲಕ್ಕೆ ಒಂದೇ ಮೋಟಾರು ಹಿಡಿಸುತ್ತಿತ್ತು. ಬೀರುವಿನ ಬೆನ್ನಿನಿಂದ ಒಂದು ಸಲಾಕೆ ಒಳಕ್ಕೆ ಚಾಚಿಕೊಂಡಿತ್ತು. ಆ ಸಲಾಕೆಯೊಳಗೆ ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಗಳನ್ನು ಬೆಸೆದಿರುತ್ತಾರೆ. ಬೆಸುಗೆಗೆ ಬಿಸಿ ತಗುಲಿದರೆ ಅತಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಗೋಡೆಯ ಮೇಲಿನ ಮೀಟರು ಅದನ್ನು ಅಳೆದು ಬಿಸಿಯ ಅಂಕಿ ತೋರಿಸುತ್ತದೆ. ಗೊತ್ತುಮಾಡಿದ ಅಂಕಿ ತಲುಪಿದರೆ ಹೀಟರನ್ನು ತಾನೇ ಆರಿಸುತ್ತದೆ.

ಆ ವಾರವೇ ಇಲಿಯೊಂದು ಸಲಾಕೆಯಿಂದ ಮೀಟರಿಗೆ ಹೋಗುವ ತಂತಿಯನ್ನು ಕಡಿದುಹಾಕಿತು. ಗಂಡ ಹೆಂಡತಿ ಹೊಸ ತಂತಿ ತರಲು ತುಮಕೂರಿಗೆ ಹೋದರು. ಅಲ್ಲಿನ ವಿದ್ಯುತ್ ಸಾಮಾನಿನ ಅಂಗಡಿಯ ಒಡತಿ ಶ್ರೀಲತಾ ತಂತಿಯನ್ನು ಅಳೆದು ಕತ್ತರಿಸುತ್ತಿದ್ದಾಗ ಪುಷ್ಪಾವತಿ ಕೇಳಿದಳು: “ಇದ್ರಲ್ಲಿ ಯಾವುದು ಯಾವ ಕಡೀಕಮ್ಮ?”

ಶ್ರೀಲತಾ ಅವಳ ಕಡೆಗೇ ತಿರುಗಿದಳು. “ಒಳ್ಳೇದಾಯ್ತು ಕೇಳಿದ್ದು. ಇದು ಮನೆ ವೈರಿಂಗಿನ ವೈರಲ್ಲ ಅಕ್ಕ. ಹಳದಿ ಪ್ಲಸ್ಸು, ಕೆಂಪು ಮೈನಸ್ಸು. ಎಲೆಕ್ಟ್ರಿಷಿಯನ್ನರು ಉಲ್ಟಾ ಕೊಟ್ಟುಬಿಟ್ಟು ಆಮೇಲೆ ನಮ್ಮನ್ನ ಬಯ್ತಾರೆ.”

ಕುಮಾರಸ್ವಾಮಿ ಪಕ್ಕದಲ್ಲೇ ನಿಂತಿದ್ದ. ಆ ಮಾತು ಅವನ ಕಿವಿಗೂ ಬಿತ್ತು. ಆದರೆ ಅವನು ಗಮನಿಸಿದ್ದು ಆ ಮಾತನ್ನು ಯಾರಿಗೆ ಹೇಳಿದರು ಎಂಬುದನ್ನು. ಅಲ್ಲಿ ಕಸುಬುದಾರ ಅವನು. ಉತ್ತರ ಹೋದದ್ದು ಅವಳ ಕಡೆಗೆ. ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತಲೇ ಬಂದ.

ಅಂಗಡಿಗೆ ಬಂದು ಸ್ಕ್ರೂಡ್ರೈವರು ಹಿಡಿದಾಗ ಪುಷ್ಪಾವತಿ ಮೆಲ್ಲಗೆ ಅಂದಳು: “ಕೆಂಪು ಮೈನಸ್ಸು ಅಂದ್ಲು ಆಯಮ್ಮ.”

“ಕೆಂಪು ಪ್ಲಸ್ಸು.”

“ಈ ವೈರಿಗೆ ಬೇರೆ ಅಂತೆ ಕಣ್ರೀ.”

“ನಂಗೆ ಮೀಸೆ ಬರಾಕೆ ಮುಂಚಿಂದ್ಲೂ ಕೆಂಪು ಪ್ಲಸ್ಸೇ. ಈಗ ನೀನು ತುಮಕೂರಿಗೆ ಹೋಗ್ಬಂದಿದ್ದಕ್ಕೆ ಮೈನಸ್ ಆಗ್ಬುಡ್ತಾ?”

ಬೇರೆ ಯಾರ ಬಾಯಿಂದ ಬಂದಿದ್ದರೂ ಅವನು ಒಮ್ಮೆ ಯೋಚಿಸುತ್ತಿದ್ದನೇನೋ. ಸಲಾಕೆಯ ಕಡೆಯಲ್ಲೂ ಮೀಟರಿನ ಕಡೆಯಲ್ಲೂ ಅವನು ಕೆಂಪನ್ನು ಪ್ಲಸ್ಸಿಗೇ ಬಿಗಿದ. ಸ್ವಿಚ್ಚು ಹಾಕಿದಾಗ ಮೀಟರು ಅಂಗಡಿಯೊಳಗಿನ ಸೆಕೆಗೆ ತಕ್ಕ ಅಂಕಿಯನ್ನೇ ತೋರಿಸಿತು.

“ನೋಡ್ದಾ?”

“ಸರಿ ಐತೆ ಬುಡಿ,” ಎಂದಳು ಪುಷ್ಪಾವತಿ.

ಸರಿ ಇರಲಿಲ್ಲ. ಆ ತಂತಿಯ ಎರಡು ಎಳೆಗಳೂ ಬೇರೆ ಬೇರೆ ಲೋಹದವು; ಬೀರುವಿನ ಬೆನ್ನಿನ ಹತ್ತಿರ ಅವು ಸಲಾಕೆಯನ್ನು ಸೇರುವಲ್ಲಿ ಇನ್ನೆರಡು ಸಂಧಿಗಳು ಉಂಟಾಗುತ್ತವೆ. ತಂತಿ ಸರಿಯಾಗಿದ್ದರೆ ಅವು ಲೆಕ್ಕಕ್ಕೆ ಬರುವುದಿಲ್ಲ. ಅದಲುಬದಲಾದರೆ, ಬೀರುವಿನ ಬೆನ್ನು ಅಂಗಡಿಗಿಂತ ಎಷ್ಟು ಬಿಸಿಯಾಗಿದೆಯೋ ಅಷ್ಟನ್ನು ಎರಡು ಸಲ ಕಳೆದು ಮೀಟರು ಅಂಕಿ ತೋರಿಸುತ್ತದೆ. ಬೀರು ತಣ್ಣಗಿರುವಾಗ ಕಳೆಯಬೇಕಾದದ್ದು ಸೊನ್ನೆ. ಆಗ ತಪ್ಪೂ ಸೊನ್ನೆ. ಬಿಸಿ ಏರಿದಷ್ಟೂ ಸುಳ್ಳು ಏರುತ್ತದೆ.

ಆ ಬೀದಿಯ ಅಂಗಡಿಗಳಲ್ಲಿ ಒಂದು ರೂಢಿಯಿತ್ತು. ಬೀರುವಿಗೆ ಹೊಸ ಹೀಟರೋ ಹೊಸ ತಂತಿಯೋ ಹಾಕಿದರೆ, ಮೊದಲ ಬಿಸಿಗೆ ಮೋಟಾರು ಇಡುವುದಿಲ್ಲ. ಒಂದು ತಟ್ಟೆ ಕಡಲೆಕಾಯಿ ಇಟ್ಟು ಹುರಿದು, ಎಡಬಲದ ಅಂಗಡಿಗಳಿಗೆ ಹಂಚಿ, ಆಮೇಲೆ ಕೆಲಸ ಆರಂಭಿಸುತ್ತಾರೆ. ಯಾರು ಶುರುಮಾಡಿದರೋ ಗೊತ್ತಿಲ್ಲ, ಎಲ್ಲರೂ ನಡೆಸುತ್ತಿದ್ದರು. ಪುಷ್ಪಾವತಿ ಅದಕ್ಕೆಂದು ಕಡಲೆಕಾಯಿ ಎತ್ತಿಟ್ಟು, ನೆಂಟರ ಮಗುವಿನ ನಾಮಕರಣಕ್ಕೆಂದು ಪಟ್ಟನಾಯಕನಹಳ್ಳಿಗೆ ಹೋದಳು. ಕುಮಾರಸ್ವಾಮಿ ಕಡಲೆಕಾಯಿಯ ಚೀಲವನ್ನು ಮುಟ್ಟಲಿಲ್ಲ. ಮೊದಲ ಬಿಸಿ ತನ್ನ ಮೋಟಾರಿಗೇ ಸಿಗಬೇಕೆಂದು ಅದನ್ನೇ ಒಳಗಿಟ್ಟು, ಮೀಟರನ್ನು ನೂರ ಮೂವತ್ತಕ್ಕೆ ಗೊತ್ತುಮಾಡಿ, ಬಾಗಿಲು ಹಾಕಿದ. ಆ ಸಲ ಅವನು ಬಹಳ ಜತನದಿಂದ ಸುತ್ತಿದ್ದ. ತುದಿಗಳು ಗಿಡ್ಡವಾಗಿದ್ದವು. ಒಂದು ಎಳೆಯೂ ಅಡ್ಡ ಹಾದಿರಲಿಲ್ಲ. ಈ ಒಂದು ಸಲ ತಾನು ಅವಳ ಸಮಕ್ಕೆ ಬಂದಿದ್ದೇನೆ ಎಂದು ಅವನಿಗೆ ಅನ್ನಿಸಿತ್ತು. ಬಹುಶಃ ಬಂದೂ ಇದ್ದ.

ಊಟ ಮಾಡಿ ಬರುವಷ್ಟರಲ್ಲಿ ವಾಸನೆ ಬೀದಿಗೆ ಬಂದಿತ್ತು. ಮೀಟರು ನೂರ ಮೂವತ್ತರಲ್ಲೇ ಅಲುಗಾಡದೆ ನಿಂತಿತ್ತು. ಬಾಗಿಲು ತೆರೆದರೆ ಮುಖಕ್ಕೆ ಹೊಗೆ ಹೊಡೆಯಿತು. ಜೇನಿನ ಬಣ್ಣ ಬರಬೇಕಿದ್ದ ವಾರ್ನಿಷು ಸುಟ್ಟ ಬೆಲ್ಲದಂತೆ ಕಪ್ಪಾಗಿತ್ತು. ಕಟ್ಟಿದ ದಾರ ಬೆರಳು ತಗುಲಿದರೆ ಪುಡಿಯಾಗುತ್ತಿತ್ತು. ಅವನು ಮೋಟಾರನ್ನು ಹೊರಗೆಳೆದು ನೆಲದ ಮೇಲಿಟ್ಟು, ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತ.

ಆಮೇಲೆ ಚೀಲ ಬಿಚ್ಚಿ ಒಂದು ಹಿಡಿ ಕಡಲೆಕಾಯಿ ಬೀರುವಿನೊಳಗಿಟ್ಟ. ನೂರ ಮೂವತ್ತರ ಬಿಸಿಯಲ್ಲಿ ಕಡಲೆಕಾಯಿ ನಿಧಾನವಾಗಿ ಹುರಿದು ಒಳಗಿನ ಸಿಪ್ಪೆ ಸಡಿಲವಾಗಬೇಕು. ಒಂದು ಬೀಡಿ ಸೇದಿ ಬರುವಷ್ಟರಲ್ಲಿ ಸಿಪ್ಪೆಯ ಒಳಗಿನ ಬೀಜವೂ ಕರಕಲಾಗಿತ್ತು. ಅಲ್ಲಿಗೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಕೆಂಪು ಮೈನಸ್ಸು.

ಸರಿಮಾಡಲು ಬೇಕಾದದ್ದು ಒಂದು ಸ್ಕ್ರೂಡ್ರೈವರು. ಅದು ಅವನ ಜೇಬಿನಲ್ಲೇ ಇತ್ತು. ಅದನ್ನು ಅವನು ಹೊರಗೆ ತೆಗೆಯಲಿಲ್ಲ. ತಂತಿ ಸರಿಮಾಡಿದರೆ ಅವಳ ಮೋಟಾರು ಸರಿಯಾಗಿ ಬೇಯುತ್ತದೆ. ಅವನದು ಆಗಲೇ ಸೀದಿದೆ. ಅಲ್ಲಿಗೆ ಪಂದ್ಯ ಮುಗಿಯಿತು. ಸರಿಮಾಡದಿದ್ದರೆ ಎರಡಕ್ಕೂ ಒಂದೇ ಬಿಸಿ. ಎರಡು ಸಂಖ್ಯೆಗಳಿಂದ ಒಂದೇ ಸಂಖ್ಯೆಯನ್ನು ಕಳೆದರೆ ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ; ಆದ್ದರಿಂದ ಇದರಲ್ಲಿ ಅನ್ಯಾಯವಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆ ಲೆಕ್ಕದ ಜೊತೆಗೇ ಅವನ ಮನಸ್ಸಿನಲ್ಲಿ ಅವಳ ಸುರುಳಿಗಳು ಸೀಯುವ ಚಿತ್ರವೂ ಮೂಡಿತು, ಅದರಿಂದ ಒಂದು ಬಗೆಯ ಸಮಾಧಾನವೂ ಆಯಿತು. ತನ್ನ ಮೋಟಾರಿಗೆ ಹೊಸ ವಾರ್ನಿಷು ಬಳಿದು ಹೊಳಪು ಬರಿಸಿ, ಮೂಲೆಗೆ ತಳ್ಳಿ, ಟಾರ್ಪಾಲು ಹೊದಿಸಿದ.

ಸಂಜೆ ಪುಷ್ಪಾವತಿ ಬಂದವಳೇ ಕೇಳಿದಳು: “ಹೆಂಗಾಯ್ತು ನಿಮ್ದು?”

“ಚೆಂದಾಗಾಯ್ತು.”

“ಕಡಲೆಕಾಯಿ ಹಂಚಿದ್ರಾ?”

“ಹೂಂ.”

ಪಕ್ಕದ ವೆಲ್ಡಿಂಗ್ ಅಂಗಡಿಯ ಖಲಂದರ್ ಗಿಡ್ಡ ಗೋಡೆಯ ಮೇಲಿಂದ ತಲೆ ಹಾಕಿದ. “ಯಾವ ಕಡಲೆಕಾಯಿ ಭಾಯ್? ನಮ್ ಕಡೆ ಬರೀ ಹೊಗೆ ಬಂತು.”

“ನೀನು ಇರ್ನಿಲ್ಲ ಕಣಯ್ಯ.”

“ನಾನೆಲ್ಲಿ ಹೋಗ್ಲಿ ಭಾಯ್, ಬೆಳಿಗ್ಗೆಯಿಂದ ಈ ಗೇಟು ನನ್ನನ್ನ ಬುಟ್ಟಿಲ್ಲ.”

ಪುಷ್ಪಾವತಿ ಗಂಡನ ಮುಖವನ್ನೊಮ್ಮೆ, ಮೂಲೆಯ ಟಾರ್ಪಾಲನ್ನೊಮ್ಮೆ ನೋಡಿದಳು.

ಮರುದಿನ ಬೆಳಿಗ್ಗೆ ಅವಳು ತನ್ನ ಮೋಟಾರನ್ನು ವಾರ್ನಿಷಿನಲ್ಲಿ ಅದ್ದಿ, ಸೋರಿಸಿ, ಬೀರುವಿನೊಳಗಿಟ್ಟಳು. ಮನೆ ಅಂಗಡಿಯ ಹಿಂದಿನ ಬೀದಿಯಲ್ಲಿತ್ತು. “ಅಡಿಗೆ ಮಾಡಿ ಊಟ ತತ್ತೀನಿ,” ಎಂದಳು. “ನೀವು ನೋಡ್ಕಳಿ. ನೀವು ನೋಡಿದ್ರೆ ನಾನ್ ನೋಡ್ದಂಗೇಯ.”

ಅವನು ಸ್ಟೂಲು ಎಳೆದುಕೊಂಡು ಬೀರುವಿನ ಎದುರು ಕೂತ. ಮೀಟರು ನಲವತ್ತಾಯಿತು, ಐವತ್ತಾಯಿತು. ನೋಡಿಕೊಳ್ಳುವುದಕ್ಕೆ ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆದರೆ ಕೂತ ಜಾಗಕ್ಕೆ ನೇರವಾಗಿ ಗಾಜಿನ ಕಿಂಡಿಯಿತ್ತು, ಅದರಾಚೆ ಅವಳ ಸುತ್ತು ಕಾಣಿಸುತ್ತಿತ್ತು. ಈ ಸಲ ಅವಳು ತುದಿಗಳನ್ನು ಎಂದಿಗಿಂತಲೂ ಗಿಡ್ಡ ಮಾಡಿದ್ದಳು. ಬಾಗಿದ ಕಡೆಗಳಲ್ಲಿ ಎಳೆಗಳು ಒಂದನ್ನೊಂದು ದಾಟದೆ, ತಬ್ಬದೆ, ಬರಿದೆ ಪಕ್ಕದಲ್ಲಿ ಸರಿದು ಹೋಗಿದ್ದವು. ಅಲ್ಲಿ ಒಂದು ತಪ್ಪು ಸಿಕ್ಕೀತೇ ಎಂದು ಅವನು ಹುಡುಕಿದ. ಅಂಥ ಶ್ರದ್ಧೆಯಿಂದ ಆ ಸುತ್ತನ್ನು ಬೇರೆ ಯಾರೂ ನೋಡಿರಲಿಕ್ಕಿಲ್ಲ. ನಾಗಲಿಂಗಯ್ಯ ಕೈಯಿಟ್ಟು ಬಿಸಿ ನೋಡುತ್ತಾನೆ, ಓಬಳಯ್ಯ ಗಿರಣಿ ಓಡಿದರೆ ಸಾಕು ಅನ್ನುತ್ತಾನೆ. ಅದರ ಬೆಲೆಯನ್ನು ಪೂರ್ತಿ ಬಲ್ಲವನು ಇಡೀ ತಾಲ್ಲೂಕಿನಲ್ಲಿ ಒಬ್ಬನೇ, ಅದು ಸೀದುಹೋಗಲೆಂದು ಅದರ ಎದುರು ಕಾದು ಕೂತಿದ್ದವನು.

ಮೀಟರು ತೊಂಬತ್ತು ತೋರಿಸಿತು. ಅವನು ಎದ್ದು ಹೀಟರಿನ ಸ್ವಿಚ್ಚು ಆರಿಸಿದ.

ಆರಿಸಿದ್ದಕ್ಕೆ ತನ್ನ ಮೇಲೇ ಅವನಿಗೆ ಕೋಪ ಬಂತು. ತಂತಿ ಬದಲಿಸಲು ಮಾತ್ರ ಕೈ ಬರಲಿಲ್ಲ. ಬದಲಿಸಿದರೆ ಕೆಂಪು ಮೈನಸ್ಸಿಗೆ ಹೋಗುತ್ತದೆ. ಬೀರುವಿನ ಬೆನ್ನಿನ ಮೇಲೆ ಅವಳ ಮಾತು ದಿನವೂ ಕಾಣುವಂತೆ ನಿಲ್ಲುತ್ತದೆ. ತಂತಿಯನ್ನು ಹಾಗೆಯೇ ಬಿಟ್ಟು, ತಾನೇ ಮೀಟರಿನ ಕೆಲಸ ಮಾಡಲು ಕೂತ. ಒಂದೆರಡು ಕಡಲೆಕಾಯಿಯನ್ನು ಒಳಗಿಡುವುದು, ತೆಗೆದು ಸುಲಿದು ಬೀಜದ ಬಣ್ಣ ನೋಡುವುದು, ಕೆಂಪೇರುವ ಮೊದಲೇ ಹೀಟರು ಆರಿಸುವುದು, ಆರಿದರೆ ಮತ್ತೆ ಹಾಕುವುದು. ಹೀಗೆ ಮಾಡಿದರೆ ಮೀಟರು ತೊಂಬತ್ತರ ಆಸುಪಾಸಿನಲ್ಲಿ ಇರುತ್ತದೆಂದು ಗೊತ್ತಾಯಿತು. ಸ್ಟೂಲಿನ ಸುತ್ತ ಸಿಪ್ಪೆ ಬೀಳುತ್ತ ಹೋಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಪುಷ್ಪಾವತಿ ಊಟದ ಡಬ್ಬಿ ಹಿಡಿದು ಬಂದಾಗ ಅವಳ ಕಣ್ಣು ಮೊದಲು ಮೀಟರಿನ ಮೇಲೆ ಬಿತ್ತು. ಆಮೇಲೆ ಆರಿದ ಹೀಟರಿನ ಸ್ವಿಚ್ಚಿನ ಮೇಲೆ, ಆಮೇಲೆ ಸಿಪ್ಪೆಯ ಮೇಲೆ.

“ತೊಂಬತ್ತಾ?”

ಅವನು ಮಡಿಲಿನ ಸಿಪ್ಪೆ ಕೊಡವಿಕೊಂಡ.

“ಬೆಳಿಗ್ಗೆಯಿಂದ ತೊಂಬತ್ತರಲ್ಲೇ ಇಟ್ಟಿದೀರಾ? ಸ್ವಿಚ್ಚು ಆಫ್ ಮಾಡ್ಕೊಂಡು?” ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿದಳು. “ನನ್ ಮೋಟ್ರು ಹಸಿಯಾಗೇ ಇರ್ಲಿ, ಸೋಮವಾರ ಸುಟ್ಟೋಗ್ಲಿ ಅಂತಾನಾ? ಕಡಲೆಕಾಯಿ ಬೇರೆ ಹುರ್ಕೊಂಡು ಕೂತಿದೀರಲ್ಲ, ಸಿನಿಮಾ ನೋಡೋರಂಗೆ!”

“ಅಂಗಲ್ಲ.”

“ಇನ್ನೆಂಗೆ? ನಿನ್ನೆ ಹಂಚಿದೆ ಅಂದ್ರಿ, ಹಂಚಿರ್ನಿಲ್ಲ. ಹೆಸ್ರು ನಿಮ್ದೇ ಹಾಕ್ಸಿ ಅಂತ ನಾನೇ ಅಂದಿದ್ದೆ. ಬ್ಯಾಡ ಅಂದೋರು ನೀವು. ಕೊಟ್ರೂ ಬ್ಯಾಡ, ಕದ್ದು ಬೇಕಾ?”

ಗೋಡೆಯಾಚೆ ವೆಲ್ಡಿಂಗಿನ ಸದ್ದು ನಿಂತಿತು. ಖಲಂದರ್ ಕೇಳುತ್ತಿದ್ದಾನೆ ಎಂಬುದು ಇಬ್ಬರಿಗೂ ತಿಳಿಯಿತು.

ಕುಮಾರಸ್ವಾಮಿಯ ಮುಂದೆ ಎರಡೇ ದಾರಿಗಳಿದ್ದವು. ಸುಮ್ಮನಿದ್ದರೆ ಅವನು ಹೆಂಡತಿಯ ಕೆಲಸ ಕೆಡಿಸಿದ ಗಂಡ. ಬಾಯಿ ಬಿಟ್ಟರೆ ಹೆಂಡತಿ ಹೇಳಿದ್ದನ್ನು ಕೇಳದೆ ತನ್ನ ಮೋಟಾರು ಸುಟ್ಟುಕೊಂಡ ಕಸುಬುದಾರ. ಮೊದಲನೆಯದು ಬೆಳಗಿನ ಮೊದಲ ಭಾಗಕ್ಕೆ ನಿಜವಾಗಿತ್ತು; ಎರಡನೆಯದು ಪೂರ್ತಿ ನಿಜ. ಅವನು ಜೇಬಿನಿಂದ ಸ್ಕ್ರೂಡ್ರೈವರು ತೆಗೆದ. ಬೀರುವಿನ ಹಿಂದೆ ಹೋಗಿ ಎರಡು ಸ್ಕ್ರೂ ಸಡಿಲಿಸಿ, ಹಳದಿಯನ್ನು ಪ್ಲಸ್ಸಿಗೂ ಕೆಂಪನ್ನು ಮೈನಸ್ಸಿಗೂ ಬಿಗಿದ. ಮೀಟರಿನ ಹತ್ತಿರ ಬಂದು ಅಲ್ಲೂ ಹಾಗೆಯೇ ಮಾಡಿದ.

ತೊಂಬತ್ತು ಇದ್ದ ಅಂಕಿ ಒಂದೇ ಸಲಕ್ಕೆ ನೂರ ಮೂವತ್ತಕ್ಕೆ ಹಾರಿತು.

ಪುಷ್ಪಾವತಿ ಅಂಕಿಯನ್ನು ನೋಡಿದಳು. ಅವಳ ಸಿಟ್ಟು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೂಲೆಗೆ ಹೋಗಿ ಟಾರ್ಪಾಲು ಸರಿಸಿ, ಹೊಳೆಯುವ ಹೊಸ ವಾರ್ನಿಷನ್ನು ಉಗುರಿನಿಂದ ಕೆರೆದಳು. ಒಳಗಿನ ಕಪ್ಪು ಹಕ್ಕಳೆಯಾಗಿ ಎದ್ದು ಬಂತು.

“ಇದು ನಿನ್ನೆ ಆಗಿದ್ದಾ?”

“ಹೂಂ.”

“ವೈರು ಉಲ್ಟಾ ಅಂತ ನಿನ್ನೇನೇ ಗೊತ್ತಾಯ್ತಾ?”

“ಗೊತ್ತಾಯ್ತು.”

“ಗೊತ್ತಾಗಿದ್ದೂ ಇವತ್ತು ನನ್ನ ಮೋಟ್ರು ಇಡಾಕೆ ಬುಟ್ರಿ.”

“ಬುಟ್ಟೆ.”

ಅವಳು ಕೈಯಲ್ಲಿದ್ದ ಹಕ್ಕಳೆಯನ್ನು ತಿಕ್ಕಿ ಪುಡಿಮಾಡಿ ಉದುರಿಸಿದಳು. “ಮತ್ತೆ ಯಾಕೆ ತಡೆದ್ರಿ?”

ಅವನು ಹೀಟರಿನ ಸ್ವಿಚ್ಚು ಹಾಕಿದ. ಇನ್ನು ಮೀಟರು ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿತ್ತು. ಅವನ ಉತ್ತರ ಹಲಗೆಯಿಂದ ಮೊಳೆ ಕಿತ್ತಂತೆ ಹೊರಗೆ ಬಂತು.

“ಸುತ್ತು ಚೆಂದಾಗಿತ್ತು.”

ಮದುವೆಯಾದ ಮೇಲೆ ಅವನ ಬಾಯಿಂದ ಅವಳ ಕೆಲಸದ ಬಗ್ಗೆ ಬಂದ ಮೊದಲ ಹೊಗಳಿಕೆ ಅದು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯದೆ ಪುಷ್ಪಾವತಿ ಡಬ್ಬಿಯ ಮುಚ್ಚಳ ತೆಗೆದು, ಮುದ್ದೆ ಮುರಿದು ತಟ್ಟೆಗೆ ಹಾಕಿದಳು. ಇಬ್ಬರೂ ಕೂತು ಉಂಡರು.

ಸೋಮವಾರ ನಾಗಲಿಂಗಯ್ಯ ಕಡಲೆಕಾಯಿಯ ಮೂಟೆಗಳನ್ನೂ ಸುಲಿಯುವ ಯಂತ್ರವನ್ನೂ ಟೆಂಪೋದಲ್ಲಿ ಹೇರಿಕೊಂಡು ಬಂದ. ಹೊರಗಿಟ್ಟಿದ್ದ ಒಂದೇ ಮೋಟಾರನ್ನು ನೋಡಿ ಹುಬ್ಬೇರಿಸಿದ.

“ರೆಂಡೋದಿ ಎಲ್ಲಿ? ಎರಡು ಕೊಟ್ಟಿದ್ದೆನಲ್ಲಾ.”

ಕುಮಾರಸ್ವಾಮಿ ಬಾಯಿ ತೆರೆಯುವ ಮೊದಲೇ ಪುಷ್ಪಾವತಿ ಹೇಳಿದಳು: “ತಪ್ಪು ನಂದು ಕಣಣ್ಣ. ಬೀರುದ ವೈರು ಉಲ್ಟಾ ಕೊಟ್ಬುಟ್ಟೆ, ಅವರ್ದು ಸುಟ್ಟೋಯ್ತು. ಒಂದು ವಾರ ಬುಟ್ಟು ಬನ್ನಿ, ಅವ್ರು ಇನ್ನೊಂದು ಸುತ್ತಿಕೊಡ್ತಾರೆ. ಆಮ್ಯಾಕೆ ಎರಡನ್ನೂ ಓಡಿಸಿ.”

ನಾಗಲಿಂಗಯ್ಯ ತಲೆಯಾಡಿಸಿದ. “ವಾರ ತಾನೇ, ಆಯ್ತು ಬಿಡಮ್ಮ.”

ದಾರಿ ತೆರೆದಿತ್ತು. ಕುಮಾರಸ್ವಾಮಿ ಸುಮ್ಮನಿದ್ದಿದ್ದರೆ ಅವನಿಗೆ ಇನ್ನೊಂದು ಮೋಟಾರು, ಇನ್ನೊಂದು ಸೋಮವಾರ ಸಿಗುತ್ತಿತ್ತು. ಒಮ್ಮೆ ಸಮಕ್ಕೆ ಸುತ್ತಿದವನು ಮತ್ತೊಮ್ಮೆ ಸುತ್ತಲೂಬಹುದಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳ ಮುಖದಲ್ಲಿ ಅಳುಕಿರಲಿಲ್ಲ. ಸುತ್ತಿನಲ್ಲಿ ಅವಳು ಮುಂದೆ ಹೋಗಿದ್ದಳು, ತಂತಿಯ ಬಣ್ಣದಲ್ಲಿ ಮುಂದೆ ಹೋಗಿದ್ದಳು, ಈಗ ಇನ್ನೊಬ್ಬರ ತಪ್ಪನ್ನು ಹೊರುವುದರಲ್ಲೂ ಅವನಿಗಿಂತ ಮುಂದೆ ಹೋಗಿ ನಿಂತಿದ್ದಳು. ಅಷ್ಟನ್ನೂ ಒಬ್ಬಳಿಗೇ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

“ಸುಳ್ಳು,” ಎಂದ. “ವೈರು ಕೊಟ್ಟೋನು ನಾನು. ಅವಳು ಸರಿಯಾಗೇ ಹೇಳಿದ್ಲು, ನಾನು ಕೇಳ್ನಿಲ್ಲ. ವಾರ ಗೀರ ಬ್ಯಾಡ. ಅವಳ ಮೋಟ್ರು ಹಾಕಿ ಓಡ್ಸಿ.”

ನಾಗಲಿಂಗಯ್ಯ ಇಬ್ಬರನ್ನೂ ಬಾರಿ ಬಾರಿ ನೋಡಿ ಗಹಗಹಿಸಿ ನಕ್ಕ. “ಅಬ್ಬಬ್ಬಾ! ಬೇರೆ ಅಂಗಡೀಲಿ ನಾನಲ್ಲ ನಾನಲ್ಲ ಅಂತಾರೆ. ಇಲ್ಲಿ ತಪ್ಪಿಗೇ ಕಿತ್ತಾಟ ಕದಾ!”

“ಬೇಗ ಓಡ್ಸಿ ಸಾವ್ಕಾರ್,” ಎಂದ ಖಲಂದರ್ ಗೋಡೆಯಾಚೆಯಿಂದ. “ಇಲ್ಲಾಂದ್ರೆ ಇನ್ನೊಂದು ತಪ್ಪು ಹುಡುಕ್ಕೊಂಡು ಬರ್ತಾರೆ.”

ಪುಷ್ಪಾವತಿಗೂ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದಳು. ಕುಮಾರಸ್ವಾಮಿ ನಗಲಿಲ್ಲ.

ಯಂತ್ರ ಮಧ್ಯಾಹ್ನದವರೆಗೂ ಓಡಿತು. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ ರಾಶಿ ಬಿತ್ತು. ಮೂಟೆಗಳು ಖಾಲಿಯಾದ ಮೇಲೆ ನಾಗಲಿಂಗಯ್ಯ ಮೋಟಾರಿನ ಮೇಲೆ ಅಂಗೈ ಇಟ್ಟ, ತೆಗೆದ, ಮತ್ತೆ ಇಟ್ಟ. ಜೇಬಿನಿಂದ ಪೆನ್ನು ತೆಗೆದು, ತಗಡು ಕೊರೆಯುವವನಿಗೆ ಕೊಡಲೆಂದು ಅಂಗೈ ಮೇಲೆಯೇ ಪುಷ್ಪಾವತಿಯ ಹೆಸರು ಬರೆದುಕೊಂಡ. ಒತ್ತಕ್ಷರ ಬರೆಯುವಾಗ ಬೆವರಿಗೆ ಶಾಯಿ ಹರಡಿತು. ಅವನು ಕೈ ಒರೆಸಿಕೊಂಡು ಮತ್ತೆ ಬರೆದ.

“ಸ್ವಾಮಿ, ನೀನೂ ಒಂದ್ ಸಲ ನೋಡ್ಬುಡು. ಆಮೇಲೆ ಆ ಮಾತು ಈ ಮಾತು ಬೇಡ.”

ಕುಮಾರಸ್ವಾಮಿ ಹತ್ತಿರ ಬಂದು ಇನ್ನೂ ತಿರುಗುತ್ತಿದ್ದ ಮೋಟಾರಿನ ಬೆನ್ನಿನ ಮೇಲೆ ಕೈಯಿಟ್ಟ. ಎಲ್ಲರೂ ನೋಡುತ್ತಿದ್ದರು. ಸದ್ದು ಹದವಾಗಿತ್ತು. ಅವನು ಕೈ ತೆಗೆಯಲಿಲ್ಲ.

“ಸುಡ್ತಾ ಐತಾ?” ಎಂದ ನಾಗಲಿಂಗಯ್ಯ.

“ಇಲ್ಲ,” ಎಂದ ಕುಮಾರಸ್ವಾಮಿ. ಆದರೂ ಇನ್ನೂ ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡ, ಸುಟ್ಟೀತೇನೋ ಎಂದು.